ಕ್ಯಾಬರ್ನೆ, ಶಿರಾಜ್, ಶೆನಿನ್, ಬೆಂಗಳೂರು ಬ್ಲೂ: ಯಾವ ದ್ರಾಕ್ಷಿಯ ವೈನ್ ಹೇಗಿರುತ್ತದೆ?

ಸಂಜೆಗೆಂಪು

ಎಲ್ಲರಿಗೂ ನಮಸ್ಕಾರ. ವೈನ್ ಬಾಟಲಿಯ ಮೇಲೆ ದ್ರಾಕ್ಷಿ ತಳಿಯ ಹೆಸರೇ ದೊಡ್ಡ ಅಕ್ಷರದಲ್ಲಿರುತ್ತದೆ. ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್, ಶೆನಿನ್ ಬ್ಲಾಂಕ್, ಸಾವಿನ್ಯೋನ್ ಬ್ಲಾಂಕ್. ನಾನು, ನನ್ನ ಗಂಡ ಇಬ್ಬರೂ ಆಗೊಮ್ಮೆ ಈಗೊಮ್ಮೆ ವೈನ್ ಕುಡಿಯುವವರು. ಕೆಂಪು, ಬಿಳಿ ಅನ್ನುವುದರ ಆಚೆ ವ್ಯತ್ಯಾಸ ಹಿಡಿಯುವುದು ಕಷ್ಟ. ಹಿಡಿಯಬೇಕು ಅನ್ನುವ ಆಸೆ ಮಾತ್ರ ತುಂಬಾ ಇದೆ.

ಎರಡು ಪ್ರಶ್ನೆ. ತಳಿ ಬದಲಾದರೆ ರುಚಿ ನಿಜಕ್ಕೂ ಬದಲಾಗುತ್ತದಾ? ಆಗುವುದಾದರೆ ಯಾಕೆ? ಇನ್ನೊಂದು, ನಮ್ಮ ನಂದಿ ಬೆಟ್ಟದ ಕಡೆ, ವಿಜಯಪುರದ ಕಡೆ ಬೆಳೆಯುವ ದ್ರಾಕ್ಷಿಯ ವೈನ್‌ಗೆ ತನ್ನದೇ ಆದ ಗುಣ ಇದೆಯಾ? ತಿಳಿದವರು ನಿಧಾನವಾಗಿ ಬರೆಯಿರಿ. ಉದ್ದ ಆದರೂ ಓದುತ್ತೇನೆ.

ಘಮಲು

ಬದಲಾಗುತ್ತದೆ, ಚೆನ್ನಾಗಿಯೇ ಬದಲಾಗುತ್ತದೆ. ಅರೇಬಿಕಾ ಕಾಫಿಗೂ ರೋಬಸ್ಟಾ ಕಾಫಿಗೂ ಇರುವಷ್ಟು ವ್ಯತ್ಯಾಸ ಇಲ್ಲೂ ಇದೆ. ಆದರೆ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ವೈನ್ ನನಗೆ ಬಹಳ ವರ್ಷಗಳ ಹುಚ್ಚು. ಯಾರಿಗೇ ಹೇಳಿಕೊಡುವಾಗಲೂ ಮೂರು ಸಂಗತಿಯಿಂದ ಶುರು ಮಾಡುತ್ತೇನೆ. ಹುಳಿ ಎಷ್ಟು, ಒಗರು ಎಷ್ಟು, ಘಮ ಯಾವುದು. ಒಂದು ತಳಿಯ ಗುಣ ಅಂದರೆ ಈ ಮೂರೂ ಸೇರಿ ಆಗುವುದು.

ಮೊದಲು ಹುಳಿ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ ಇರುತ್ತವೆ: ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಣ್ಣು ಮಾಗುತ್ತಾ ಹೋದಂತೆ ಬಳ್ಳಿ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಬಳಸಿ ಖರ್ಚು ಮಾಡುತ್ತದೆ. ಬಿಸಿ ಜಾಸ್ತಿಯಿದ್ದರೆ, ಅದರಲ್ಲೂ ರಾತ್ರಿ ತಂಪಾಗದಿದ್ದರೆ, ಈ ಖರ್ಚು ಬೇಗ ಆಗುತ್ತದೆ. ಕೆಲವು ತಳಿಗಳು ಬಿಸಿಲಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ. ಶೆನಿನ್ ಬ್ಲಾಂಕ್ ಅಂಥದ್ದು. ವಿಯೊನ್ಯೆ ಅಂಥದ್ದಲ್ಲ. ಅದರ ಘಮ ಸೊಗಸು, ಆದರೆ ಹುಳಿ ಬೇಗ ಸೋರಿಹೋಗಿ ವೈನ್ ಸಪ್ಪೆಯಾಗುತ್ತದೆ. ಬಾಯಲ್ಲಿ ನೀರೂರಿಸುವುದು, ಇನ್ನೊಂದು ಗುಟುಕು ಬೇಕು ಅನ್ನಿಸುವುದು ಈ ಹುಳಿಯೇ.

ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ರಸ ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಬಣ್ಣ ಇರುವುದು ಸಿಪ್ಪೆಯಲ್ಲಿ. ಕಪ್ಪು ಪಿನೋ ನ್ವಾರ್ ಹಣ್ಣಿನಿಂದ ಬಿಳಿ ಶಾಂಪೇನ್ ಮಾಡುವುದು ಇದೇ ಕಾರಣಕ್ಕೆ ಸಾಧ್ಯ. ಕೆಂಪು ವೈನ್ ಬೇಕಾದರೆ ಸಿಪ್ಪೆಯ ಜೊತೆಗೇ ಹುದುಗಿಸಬೇಕು. ಆಗ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಕ್ಯಾಬರ್ನೆ ಸಾವಿನ್ಯೋನ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಅದಕ್ಕೇ ಒಸಡು ಹಿಡಿಯುವಂಥ ಒಗರು. ಮೆರ್ಲೊ ಅದಕ್ಕಿಂತ ಮೆತ್ತಗೆ, ಬೇಗ ಮಾಗುತ್ತದೆ. ಪಿನೋ ನ್ವಾರ್ ಸಿಪ್ಪೆ ತೆಳು, ವೈನ್ ತಿಳಿಗೆಂಪು. ಇಟಲಿಯ ಬರೋಲೊ ಮಾಡುವ ನೆಬ್ಬಿಯೊಲೊ ಮಾತ್ರ ಬೇರೆ ದಾರಿ. ಬಣ್ಣ ಪಿನೋದಷ್ಟೇ ತೆಳು, ಒಗರು ಕ್ಯಾಬರ್ನೆಗೂ ಜಾಸ್ತಿ. ಹಾಗಾಗಿ ಬಣ್ಣ ನೋಡಿ ವೈನ್ ಗಟ್ಟಿಯೋ ಹಗುರವೋ ಅಂತ ತೀರ್ಮಾನ ಮಾಡಬೇಡಿ.

ಘಮದ ವಿಷಯ ದೊಡ್ಡದು. ಅದನ್ನು ಬೇರೆ ಬರೆಯುತ್ತೇನೆ.

ಘಮಲು

ಮುಂದುವರಿಕೆ. ಕ್ಯಾಬರ್ನೆ ಸಾವಿನ್ಯೋನ್ ಕುಡಿಯುವಾಗ ಕೆಲವೊಮ್ಮೆ ಹಸಿ ದೊಣ್ಣೆ ಮೆಣಸಿನಕಾಯಿ ಹೆಚ್ಚಿದ ವಾಸನೆ ಬರುತ್ತದೆ, ಗಮನಿಸಿದ್ದೀರಾ? ಸಾವಿನ್ಯೋನ್ ಬ್ಲಾಂಕ್‌ನಲ್ಲೂ ಅದೇ ಹಸಿರು ವಾಸನೆ ಸಿಗುತ್ತದೆ. ಎರಡಕ್ಕೂ ಕಾರಣ ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕ. ದೊಣ್ಣೆ ಮೆಣಸಿನಕಾಯಿಯಲ್ಲಿ ಇರುವುದೂ ಇದೇ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಗೊಂಚಲಿಗೆ ಬಿಸಿಲು ಬಿದ್ದಷ್ಟೂ, ಹಣ್ಣು ಮಾಗಿದಷ್ಟೂ ಇದು ಇಳಿಯುತ್ತದೆ.

ಒಂದು ಕೆಂಪು, ಒಂದು ಬಿಳಿ. ಎರಡರಲ್ಲೂ ಒಂದೇ ವಾಸನೆ ಹೇಗೆ ಬಂತು? ಕ್ಯಾಬರ್ನೆ ಸಾವಿನ್ಯೋನ್ ಹುಟ್ಟಿದ್ದೇ ಕ್ಯಾಬರ್ನೆ ಫ್ರಾಂಕ್ ಮತ್ತು ಸಾವಿನ್ಯೋನ್ ಬ್ಲಾಂಕ್ ಕೂಡಿ. ಫ್ರಾನ್ಸಿನ ಬೋರ್ಡೋ ಕಡೆಯ ತೋಟದಲ್ಲಿ ತಾನಾಗಿಯೇ ಆದ ಅಡ್ಡತಳಿ ಅದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಬೋವರ್ಸ್ ಮತ್ತು ಕ್ಯಾರಲ್ ಮೆರೆಡಿತ್ 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ಇದನ್ನು ತೋರಿಸಿದರು. ತಾಯಿತಂದೆಯ ಗುಣ ಮಗುವಿನಲ್ಲಿ ಕಾಣುತ್ತಿದೆ, ಅಷ್ಟೇ.

ಸಾವಿನ್ಯೋನ್ ಬ್ಲಾಂಕ್‌ನಲ್ಲಿ ಇನ್ನೊಂದು ಘಮ ಇದೆ. ಚಕ್ಕೋತ, ಪ್ಯಾಷನ್ ಫ್ರೂಟ್ ತರಹದ್ದು. ಅದು ಥಯಾಲ್ ಅನ್ನುವ ಗಂಧಕದ ವಸ್ತುಗಳಿಂದ ಬರುತ್ತದೆ. ಹಸಿ ಹಣ್ಣಿನಲ್ಲಿ ಆ ವಾಸನೆ ಇರುವುದಿಲ್ಲ. ಯೀಸ್ಟ್ ಹುದುಗಿಸುವಾಗ ಬಿಡುಗಡೆಯಾಗುತ್ತದೆ. ನ್ಯೂಜಿಲೆಂಡಿನ ಮಾರ್ಲ್‌ಬರೊ ವೈನ್ ಬಾಟಲಿ ತೆರೆದರೆ ಕೋಣೆ ತುಂಬಾ ಇದೇ. ಗೆವುರ್ಟ್ಸ್‌ಟ್ರಮಿನರ್ ಅನ್ನುವ ತಳಿಯಲ್ಲಿ ಗುಲಾಬಿ, ಲಿಚ್ಚಿ. ಲಿಚ್ಚಿ ಹಣ್ಣಿನಲ್ಲಿರುವ ರೋಸ್ ಆಕ್ಸೈಡ್ ಈ ದ್ರಾಕ್ಷಿಯಲ್ಲೂ ಇದೆ. ಮಸ್ಕಟ್‌ನಲ್ಲಿ ಲಿನಲೂಲ್, ಜೆರಾನಿಯಾಲ್ ಅನ್ನುವ ಹೂವಿನ ಘಮದ ವಸ್ತುಗಳು. ವೈನ್ ಆದ ಮೇಲೂ ತಿನ್ನುವ ದ್ರಾಕ್ಷಿಯ ಘಮವನ್ನೇ ಕೊಡುವ ತಳಿಗಳು ಕಡಿಮೆ, ಮಸ್ಕಟ್ ಅದರಲ್ಲಿ ಮುಖ್ಯವಾದದ್ದು.

ಶಾರ್ಡನೆ ಇದಕ್ಕೆಲ್ಲ ವಿರುದ್ಧ. ಹಣ್ಣಿಗೆ ತನ್ನದೇ ಗಟ್ಟಿ ಘಮ ಇಲ್ಲ. ಊರು ಯಾವುದು, ಮಾಡುವವರ ಕೈ ಯಾವುದು, ಅದರ ಮೇಲೆ ರುಚಿ. ಫ್ರಾನ್ಸಿನ ಶಾಬ್ಲಿಯ ಚಳಿಯಲ್ಲಿ ಬೆಳೆದರೆ ನಿಂಬೆಯ ಹುಳಿ. ಬೆಚ್ಚಗಿನ ಊರಲ್ಲಿ ಬೆಳೆದು ಓಕ್ ಪೀಪಾಯಿಯಲ್ಲಿಟ್ಟರೆ ಅನಾನಸ್, ವೆನಿಲ್ಲಾ. ಕೆಲವು ಶಾರ್ಡನೆಗಳ ಬೆಣ್ಣೆ ವಾಸನೆ ದ್ರಾಕ್ಷಿಯದ್ದಲ್ಲ. ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲ ಮಾಡುವಾಗ ಹುಟ್ಟುವ ಡೈಅಸಿಟೈಲ್‌ನದ್ದು.

ನೇರಮಾತು

ಮೇಡಂ, ಓದಲು ಚೆನ್ನಾಗಿದೆ. ಆದರೆ ನನಗೆ ಸಂದೇಹ ಇದೆ. 2001ರಲ್ಲಿ ಬೋರ್ಡೋದಲ್ಲಿ ಒಂದು ಪ್ರಯೋಗ ಮಾಡಿದ್ದರು. ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಓದುವ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರೆಲ್ಲ ಅದಕ್ಕೆ ಕೆಂಪು ವೈನ್‌ಗೆ ಬಳಸುವ ಮಾತುಗಳನ್ನೇ ಬಳಸಿದರು. ಓದುವವರದ್ದೇ ಹೀಗಾದರೆ ನಾವು ನೀವು ಹೇಳುವ ನೇರಳೆ, ಚಕ್ಕೋತ, ಗುಲಾಬಿ ಎಲ್ಲ ಲೇಬಲ್ ನೋಡಿ ಮನಸ್ಸು ಕಟ್ಟಿಕೊಂಡದ್ದು ಅಲ್ವಾ?

ಘಮಲು

ಸರ್, ಆ ಪ್ರಯೋಗ ನಿಜ. ಮೊರೊ, ಬ್ರೊಶೆ, ಡುಬೂರ್ಡಿಯು ಮೂವರು ಮಾಡಿದ್ದು. ಕಣ್ಣು ಮೂಗನ್ನು ಎಳೆದುಕೊಂಡು ಹೋಗುತ್ತದೆ ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಕಲಿಯುವವರು ಲೇಬಲ್ ಮುಚ್ಚಿ ಕುಡಿಯಬೇಕು, ಸಾಧ್ಯವಾದರೆ ಕಪ್ಪು ಗಾಜಿನ ಲೋಟದಲ್ಲಿ.

ಆದರೆ ಆ ಪ್ರಯೋಗ ನೋಡಿದ್ದು ಜನ ಘಮಕ್ಕೆ ಯಾವ ಮಾತು ಬಳಸುತ್ತಾರೆ ಅಂತ. ಎಲ್ಲ ವೈನ್ ಒಂದೇ ಅಂತ ಅದು ಹೇಳಲಿಲ್ಲ. ಪೈರಜೀನ್ ಎಷ್ಟಿದೆ, ಆಮ್ಲ ಎಷ್ಟಿದೆ ಅಂತ ಯಂತ್ರ ಅಳೆದು ಹೇಳುತ್ತದೆ. ಯಂತ್ರ ಲೇಬಲ್ ಓದುವುದಿಲ್ಲ.

ನಿಮಗೆ ಚಿಲಿ ದೇಶದ ಕಥೆ ಹೇಳಬೇಕು. ತಳಿ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೋರ್ಡೋದಿಂದ ಚಿಲಿಗೆ ಬಳ್ಳಿ ತುಂಡುಗಳು ಹೋದವು. ಆಮೇಲೆ ಫಿಲಾಕ್ಸೆರಾ ಅನ್ನುವ ಬೇರುಹೇನು ಫ್ರಾನ್ಸಿನ ತೋಟಗಳನ್ನು ತಿಂದುಹಾಕಿತು. ಅಮೆರಿಕದ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟಿ ಮತ್ತೆ ತೋಟ ಮಾಡುವಾಗ ಕಾರ್ಮೆನೆರ್ ಅನ್ನುವ ತಳಿಯನ್ನು ಹೆಚ್ಚುಕಡಿಮೆ ಕೈಬಿಟ್ಟರು. ಅದು ಅಲ್ಲಿನ ಚಳಿಗೆ ಸರಿಯಾಗಿ ಮಾಗುತ್ತಿರಲಿಲ್ಲ. ಚಿಲಿಯಲ್ಲಿ ಅದೇ ಬಳ್ಳಿ ಮೆರ್ಲೊ ಜೊತೆ ಬೆರೆತು, ಮೆರ್ಲೊ ಅನ್ನುವ ಹೆಸರಲ್ಲೇ ಉಳಿದುಕೊಂಡಿತ್ತು. ಮೆರ್ಲೊ ಮಾಗಿತು ಅಂತ ಕೊಯ್ಯುತ್ತಿದ್ದರು. ಕಾರ್ಮೆನೆರ್ ಮಾಗಲು ಇನ್ನೂ ಕೆಲವು ವಾರ ಬೇಕು. ಹೀಗಾಗಿ ಚಿಲಿಯ ಮೆರ್ಲೊದಲ್ಲಿ ಯಾವಾಗಲೂ ಹಸಿರು ವಾಸನೆ. 1994ರಲ್ಲಿ ಫ್ರಾನ್ಸಿನ ತಳಿತಜ್ಞ ಜಾನ್ ಮಿಶೆಲ್ ಬೂರ್ಸಿಕೊ ತೋಟದಲ್ಲಿ ಬಳ್ಳಿ ನೋಡಿ ಇದು ಮೆರ್ಲೊ ಅಲ್ಲ, ಕಾರ್ಮೆನೆರ್ ಅಂದರು. ಆಮೇಲೆ ಎರಡನ್ನೂ ಬೇರೆ ಮಾಡಿ, ಬೇರೆ ಸಮಯಕ್ಕೆ ಕೊಯ್ದರು. ಎರಡೂ ವೈನ್ ಸುಧಾರಿಸಿದವು. ಬರೀ ಹೆಸರಿನ ಆಟವಾಗಿದ್ದರೆ ಈ ಬದಲಾವಣೆ ಹೇಗೆ ಬಂತು ಹೇಳಿ.

ಅಡಿಲೇಡಿನಿಂದ

ಶಿರಾಜ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಿಂದ ಬರೋಸಾ ಕಣಿವೆಗೆ ಕಾರಿನಲ್ಲಿ ಒಂದು ಗಂಟೆ. ಫ್ರಾನ್ಸಿನ ರೋನ್ ಕಣಿವೆಯ ಸಿರಾ ತಳಿಯೇ ಇಲ್ಲಿ ಶಿರಾಜ್. ಜೇಮ್ಸ್ ಬಸ್ಬಿ ಎಂಬಾತ 1832ರಲ್ಲಿ ಯುರೋಪಿನಿಂದ ಬಳ್ಳಿ ತುಂಡುಗಳನ್ನು ಆಸ್ಟ್ರೇಲಿಯಾಕ್ಕೆ ತಂದ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಬೇರುಹೇನು ಇವತ್ತಿಗೂ ಬಂದಿಲ್ಲ. ಹಾಗಾಗಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ತಮ್ಮ ಸ್ವಂತ ಬೇರಿನ ಮೇಲೆ ಈಗಲೂ ಹಣ್ಣು ಬಿಡುತ್ತಿವೆ. ಒಂದೊಂದು ಕಾಂಡವೂ ಮರದಷ್ಟು ದಪ್ಪ. ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಬರೋಸಾದ ಬಿಸಿಲಲ್ಲಿ ಶಿರಾಜ್ ದಪ್ಪ, ಕಪ್ಪು ಹಣ್ಣಿನ ರುಚಿ, ಸ್ವಲ್ಪ ಚಾಕೊಲೇಟ್, ಆಲ್ಕೋಹಾಲ್ ಜಾಸ್ತಿ. ಅದೇ ತಳಿ ವಿಕ್ಟೋರಿಯಾದ ಗ್ರಾಂಪಿಯನ್ಸ್ ತರಹದ ತಂಪು ಜಾಗದಲ್ಲಿ ಬೆಳೆದರೆ ಕಾಳುಮೆಣಸಿನ ಘಮ ಎದ್ದು ಬರುತ್ತದೆ. ಆ ಘಮದ ಮೂಲ ರೊಟಂಡೋನ್ ಅಂತ 2008ರಲ್ಲಿ ಪ್ರಕಟಿಸಿದ್ದು ಇಲ್ಲೇ ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ಸಂಶೋಧನಾ ಸಂಸ್ಥೆ. ನಮ್ಮ ಕೊಡಗು, ಶಿರಸಿ ಕಡೆಯ ಮೆಣಸಿನ ಬಳ್ಳಿಯಲ್ಲಿ ಇರುವುದೂ ಅದೇ ರೊಟಂಡೋನ್. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗಲಿಲ್ಲ. ನನ್ನ ಹೆಂಡತಿಗೆ ಥಟ್ಟನೆ ಗೊತ್ತಾಗುತ್ತದೆ, ನನಗೆ ಆಗುವುದಿಲ್ಲ. ನೇರಮಾತು ಸರ್, ಇಬ್ಬರು ಒಂದೇ ವೈನ್ ಕುಡಿದು ಬೇರೆ ಬೇರೆ ಹೇಳಿದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮೂಗುಗಳೇ ಬೇರೆ.

ನೇರಮಾತು

ಚಿಲಿಯ ಕಥೆ ಗಟ್ಟಿಯಾಗಿದೆ. ಮಾತಿನ ಅಲಂಕಾರದ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಹುಳಿ, ಒಗರಿನ ಮಾತು ಒಪ್ಪುತ್ತೇನೆ.

ಡೋಣಿ ದಂಡೆ

ನಾನು ವಿಜಯಪುರ ಜಿಲ್ಲೆಯ ರೈತ. ನಮ್ಮಲ್ಲಿ ಜಾಸ್ತಿ ಥಾಮ್ಸನ್ ಸೀಡ್‌ಲೆಸ್, ಮಣೂಕ (ಒಣದ್ರಾಕ್ಷಿ) ಮಾಡುವುದಕ್ಕೆ. ಅದರ ಜೊತೆ ಸ್ವಲ್ಪ ಜಾಗದಲ್ಲಿ ಶಿರಾಜ್, ಕ್ಯಾಬರ್ನೆ, ಶೆನಿನ್ ಹಾಕಿದ್ದೇವೆ. ಮೇಡಂ ಹೇಳಿದ ಹುಳಿಯ ಲೆಕ್ಕ ನಮಗೆ ದಿನಾ ಅನುಭವಕ್ಕೆ ಬರುವಂಥದ್ದು.

ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆ ಹೋಗುತ್ತದೆ. ವಸಂತದಲ್ಲಿ ಚಿಗುರಿ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿ ನಿದ್ದೆ ಹೋಗುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು. ಮುಂದಿನ ಬೆಳೆಯ ಗೊನೆ ಎಷ್ಟು ಅಂತ ಆ ಕಡ್ಡಿಯ ಕಣ್ಣಿನಲ್ಲಿ ಆಗಲೇ ನಿರ್ಧಾರವಾಗುತ್ತದೆ. ಮಳೆ ಹಿಂದೆ ಸರಿಯುವಾಗ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎರಡನೆಯ ಚಾಟ್ನಿ. ಅದು ಹಣ್ಣಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು. ಅಂದರೆ ಅಲ್ಲಿ ಹಣ್ಣು ಮಾಗುವಾಗ ಹವೆ ತಂಪಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಬಿಸಿಯಾಗುತ್ತಾ ಹೋಗುತ್ತದೆ. ಎಲ್ಲ ತೊಂದರೆ ಇಲ್ಲೇ ಇದೆ.

ವೈನರಿಯವರು 23, 24 ಬ್ರಿಕ್ಸ್ (ರಸದಲ್ಲಿರುವ ಸಕ್ಕರೆಯ ಅಳತೆ) ಸಕ್ಕರೆ ಕೇಳುತ್ತಾರೆ. ಅದು ಬರುವವರೆಗೆ ಕಾದರೆ ಹುಳಿ ಕುಸಿಯುತ್ತದೆ. ಮುಂಚೆ ಕೊಯ್ದರೆ ಬೀಜ ಇನ್ನೂ ಹಸಿರು, ಒಗರು ಕಹಿಯಾಗಿರುತ್ತದೆ. ಕ್ಯಾಬರ್ನೆ ನಮ್ಮನ್ನು ಬಹಳ ಕಾಡಿಸುತ್ತದೆ. ಶಿರಾಜ್ ಅಷ್ಟು ಕಾಡಿಸುವುದಿಲ್ಲ. ಶೆನಿನ್ ನಮ್ಮ ಬಿಸಿಲಿಗೂ ಹುಳಿ ಉಳಿಸಿಕೊಂಡು ನಿಲ್ಲುತ್ತದೆ, ಆದರೆ ಗೊನೆ ಬಿಗಿ. ಕೊಯ್ಲಿನ ಹೊತ್ತಿಗೆ ಅಕಾಲದಲ್ಲಿ ಮಳೆ ಬಂದರೆ ಒಳಗೇ ಕೊಳೆಯುತ್ತದೆ. ಬೇರಿಗೆ ಡಾಗ್‌ರಿಡ್ಜ್ ಅನ್ನುವ ಬಳ್ಳಿ ಹಾಕಿ ಅದರ ಮೇಲೆ ಕಸಿ ಕಟ್ಟುತ್ತೇವೆ. ಉಪ್ಪು ನೀರು, ಬರ ಎರಡನ್ನೂ ಅದು ತಡೆಯುತ್ತದೆ. ಆದರೆ ಬಳ್ಳಿಗೆ ಸೊಕ್ಕು ಜಾಸ್ತಿ ಆಗುತ್ತದೆ, ಎಲೆ ತೆಗೆಯುತ್ತಲೇ ಇರಬೇಕು.

ತಿನ್ನುವ ದ್ರಾಕ್ಷಿಯಲ್ಲಿ ತೂಕ ಬಂದಷ್ಟೂ ಲಾಭ. ವೈನ್ ದ್ರಾಕ್ಷಿಯಲ್ಲಿ ಎಕರೆಗೆ ನಾಲ್ಕೈದು ಟನ್‌ಗೆ ನಿಲ್ಲಿಸಿದರೆ ಮಾತ್ರ ರಸಕ್ಕೆ ಬಣ್ಣ, ರುಚಿ ಬರುತ್ತದೆ. ಇಷ್ಟು ಮಾಡಿ ಕಾದರೂ ಒಂದು ವರ್ಷ ಒಂದು ವೈನರಿ ಕೊಯ್ಲಿಗೆ ಮುಂಚೆ ಈ ಸಲ ಬೇಡ ಅಂದುಬಿಟ್ಟಿತು. ಶಿರಾಜ್ ಹಣ್ಣನ್ನು ಸಂತೆಯಲ್ಲಿ ಯಾರು ತಿನ್ನುತ್ತಾರೆ? ಸಣ್ಣ ಕಾಯಿ, ಬರೀ ಬೀಜ. ಆ ನೋವು ಇನ್ನೂ ಇದೆ. ತಳಿ ಆಯ್ಕೆ ಅನ್ನುವುದು ಲೋಟದ ರುಚಿ ಮಾತ್ರ ಅಲ್ಲ, ಹದಿನೈದು ಇಪ್ಪತ್ತು ವರ್ಷದ ಹೊಲದ ನಿರ್ಧಾರ.

ಸಂಜೆಗೆಂಪು

ಸರ್, ಇದನ್ನು ಓದಿ ಮನಸ್ಸು ಭಾರವಾಯಿತು. ಅಂಗಡಿಯಲ್ಲಿ ನಿಂತು ಬಾಟಲಿ ನೋಡುವಾಗ ಇದು ಯಾವುದೂ ಕಾಣುವುದಿಲ್ಲ. ನಂದಿ ಬೆಟ್ಟದ ಕಡೆಯೂ ಹೀಗೇನಾ?

ಡೋಣಿ ದಂಡೆ

ನಂದಿ ಕಡೆ ಎತ್ತರ ಜಾಸ್ತಿ ಮೇಡಂ, ಸುಮಾರು 900 ಮೀಟರ್. ನಮ್ಮದು 600ರ ಆಸುಪಾಸು. ರಾತ್ರಿ ಅಲ್ಲಿ ಚೆನ್ನಾಗಿ ತಂಪಾಗುತ್ತದೆ. ಹುಳಿ ಉಳಿಸುವುದಕ್ಕೆ ಅದು ದೊಡ್ಡ ಉಪಕಾರ. 1980ರ ದಶಕದ ಕೊನೆಗೆ ಗ್ರೋವರ್ ವೈನರಿಯವರು ಫ್ರಾನ್ಸಿನ ತಳಿಗಳನ್ನು ಅಲ್ಲೇ ಹಾಕಿದ್ದಕ್ಕೆ ಕಾರಣ ಇದೆ. ನಮಗೆ ಅಷ್ಟು ತಂಪಿಲ್ಲ, ಆದರೆ ಹವೆ ಒಣ. ಡೌನಿ ಅನ್ನುವ ಬೂಷ್ಟು ರೋಗದ ಕಾಟ ಸ್ವಲ್ಪ ಕಡಿಮೆ.

ಚಪ್ಪರದ ಕೆಳಗೆ

ಎಲ್ಲರೂ ಫ್ರಾನ್ಸಿನ ಹೆಸರೇ ಹೇಳುತ್ತಿದ್ದೀರಿ. ಚಿಕ್ಕಬಳ್ಳಾಪುರದವನಾಗಿ ನಾನು ಕೇಳಲೇಬೇಕು: ಬೆಂಗಳೂರು ಬ್ಲೂ ಎಲ್ಲಿ ಹೋಯಿತು? ನಮ್ಮ ತಾತನ ಕಾಲದಿಂದ ಚಪ್ಪರ ಹಾಕಿ ಬೆಳೆಸುತ್ತಿರುವ ಹಣ್ಣು. 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಎಷ್ಟೋ ರೋಗಕ್ಕೆ ಬಗ್ಗುವುದಿಲ್ಲ, ಔಷಧಿ ಖರ್ಚು ಕಡಿಮೆ. ಬೆಂಗಳೂರು, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಹುದುಗುವ ವೈನ್ ಇದೇ ಹಣ್ಣಿನದ್ದು. ಆದರೆ ವೈನ್ ಬಲ್ಲವರ ಮುಂದೆ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಇದು ನ್ಯಾಯವಾ?

ಘಮಲು

ನ್ಯಾಯವಲ್ಲ. ಆದರೆ ಯಾಕೆ ಮೂಗು ಮುರಿಯುತ್ತಾರೆ ಅನ್ನುವುದಕ್ಕೆ ಕಾರಣ ಇದೆ, ಅದನ್ನೂ ಬಿಚ್ಚಿ ಹೇಳಬೇಕು.

ಇಲ್ಲಿಯವರೆಗೆ ಮಾತಾಡಿದ ತಳಿಗಳೆಲ್ಲ ವಿಟಿಸ್ ವಿನಿಫೆರಾ ಜಾತಿಯವು. ಬೆಂಗಳೂರು ಬ್ಲೂನಲ್ಲಿ ಅಮೆರಿಕದ ಕಾಡು ಜಾತಿ ವಿಟಿಸ್ ಲಬ್ರುಸ್ಕಾದ ರಕ್ತ ಇದೆ. ಇಸಬೆಲ್ಲಾ ತಳಿಯ ಹತ್ತಿರದ ನೆಂಟ. ಒತ್ತಿದರೆ ಸಿಪ್ಪೆ ಕಳಚಿ ತಿರುಳು ಪುಳಕ್ಕನೆ ಹೊರಬರುತ್ತದಲ್ಲ, ಅದು ಲಬ್ರುಸ್ಕಾ ಲಕ್ಷಣ. ಆ ಗಾಢ ವಾಸನೆಗೆ ಒಂದು ಮುಖ್ಯ ಕಾರಣ ಮೀಥೈಲ್ ಆಂತ್ರನಿಲೇಟ್. ದ್ರಾಕ್ಷಿ ಪೆಪ್ಪರಮೆಂಟು, ದ್ರಾಕ್ಷಿ ಸೋಡಾಕ್ಕೆ ಕಾರ್ಖಾನೆಯಲ್ಲಿ ಬೆರೆಸುವುದು ಇದನ್ನೇ. (ಹಕ್ಕಿಗಳಿಗೆ ಇದು ಆಗುವುದಿಲ್ಲ. ಕೆಲವು ದೇಶಗಳಲ್ಲಿ ಹಕ್ಕಿ ಓಡಿಸಲು ಬೆಳೆಗೆ ಸಿಂಪಡಿಸುತ್ತಾರೆ.) ಜ್ಯೂಸ್‌ನಲ್ಲಿ ಈ ಘಮ ಹಿತ. ಸಕ್ಕರೆ ಪೂರ್ತಿ ಹುದುಗಿ ಡ್ರೈ ವೈನ್ ಆದಾಗ ಸಿಹಿ ಹೋಗಿ ವಾಸನೆ ಮಾತ್ರ ಉಳಿಯುತ್ತದೆ. ಆಗ ಬಾಯಿಗೂ ಮೂಗಿಗೂ ತಾಳೆಯಾಗುವುದಿಲ್ಲ. ಇಸಬೆಲ್ಲಾ ಸೇರಿದಂತೆ ಇಂಥ ಆರು ತಳಿಗಳನ್ನು ಫ್ರಾನ್ಸ್ 1930ರ ದಶಕದಲ್ಲಿ ನಿಷೇಧಿಸಿತು.

ಇನ್ನೊಂದು ತೊಡಕು ಸಕ್ಕರೆಯದ್ದು. ಬೆಂಗಳೂರು ಬ್ಲೂ ಸಾಮಾನ್ಯವಾಗಿ 16ರಿಂದ 18 ಬ್ರಿಕ್ಸ್‌ಗೆ ನಿಲ್ಲುತ್ತದೆ. ಒಂದು ಬ್ರಿಕ್ಸ್ ಸಕ್ಕರೆಗೆ ಸುಮಾರು 0.55ರಿಂದ 0.6 ಶೇಕಡಾ ಆಲ್ಕೋಹಾಲ್ ಬರುತ್ತದೆ. ಲೆಕ್ಕ ಹಾಕಿದರೆ ಹತ್ತು ಶೇಕಡಾ ಹತ್ತಿರಕ್ಕೆ ನಿಲ್ಲುತ್ತದೆ. ಹುಳಿ ಮಾತ್ರ ಜೋರು. ಅದಕ್ಕೇ ಮನೆ ವೈನ್‌ಗೆ ಸಕ್ಕರೆ ಸುರಿಯುವುದು, ಪೋರ್ಟ್ ಅಂತ ಮಾರುವ ಅಗ್ಗದ ಸಿಹಿ ವೈನ್‌ಗೆ ಇದನ್ನು ಬಳಸುವುದು.

ಆದರೆ ಇಲ್ಲೇ ನನ್ನ ವಾದ ಇರುವುದು. ಕಡಿಮೆ ಸಕ್ಕರೆ, ಜಾಸ್ತಿ ಹುಳಿ. ಇದನ್ನು ಬೇಕು ಅಂತ ಹುಡುಕುವ ಒಂದು ವೈನ್ ಇದೆ, ಅದು ನೊರೆ ವೈನ್! ಶಾಂಪೇನ್‌ಗೆ ಹಣ್ಣನ್ನು ಪೂರ್ತಿ ಮಾಗುವ ಮೊದಲೇ ಕೊಯ್ಯುತ್ತಾರೆ. ಮೊದಲ ವೈನ್ ಹತ್ತು, ಹನ್ನೊಂದು ಶೇಕಡಾ ಇದ್ದರೆ ಸಾಕು. ಬಾಟಲಿಯಲ್ಲಿ ಎರಡನೆಯ ಸಲ ಹುದುಗುವಾಗ ಇನ್ನೊಂದೂವರೆ ಶೇಕಡಾದಷ್ಟು ಏರುತ್ತದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ನಿಕೋಲಸ್ ಲಾಂಗ್‌ವರ್ತ್ 1840ರ ದಶಕದಲ್ಲಿ ಕಟಾಬ ಅನ್ನುವ ದ್ರಾಕ್ಷಿಯಿಂದ ನೊರೆ ವೈನ್ ಮಾಡಿ ಹೆಸರು ಮಾಡಿದ. ಕಟಾಬದಲ್ಲೂ ಲಬ್ರುಸ್ಕಾ ರಕ್ತವೇ ಇರುವುದು. ಬ್ರೆಜಿಲ್‌ನಲ್ಲಿ ಇಸಬೆಲ್ಲಾ ಜ್ಯೂಸ್ ಇವತ್ತಿಗೂ ದೊಡ್ಡ ವ್ಯಾಪಾರ. ನಮ್ಮ ಹಣ್ಣಿನಿಂದ ಕ್ಯಾಬರ್ನೆ ತರಹದ ವೈನ್ ಬಯಸುವುದು ಬಿಟ್ಟು ಅದಕ್ಕೆ ಒಗ್ಗುವ ವೈನ್ ಯಾವುದು ಅಂತ ಹುಡುಕಬೇಕು. ಇದನ್ನು ನಾನು ಮನಸಾರೆ ನಂಬುತ್ತೇನೆ.

ರೈನ್ ದಂಡೆ

ಘಮಲು ಅವರ ಮಾತಿಗೆ ಜರ್ಮನಿಯಿಂದ ನನ್ನ ಒಪ್ಪಿಗೆ. ನಾನು ಮೈನ್ಸ್‌ನಲ್ಲಿದ್ದೇನೆ, 50 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ನಿಮ್ಮ ಕಷ್ಟ ತಿರುವುಮುರುವು. ಹುಳಿ ಬೇಕಾದಷ್ಟಿದೆ, ಮಾಗಿಸುವುದೇ ಕಷ್ಟ. ಅದಕ್ಕೆ ಇಲ್ಲಿಯವರು ರೀಸ್ಲಿಂಗ್ ಹಿಡಿದರು. 1435ರ ಒಂದು ಖರ್ಚಿನ ಲೆಕ್ಕದಲ್ಲಿ ಅದರ ಹೆಸರು ಸಿಗುತ್ತದೆ. ಮೋಸೆಲ್ ನದಿಯ ದಂಡೆಯ ತೋಟಗಳು ಎಷ್ಟು ಕಡಿದಾಗಿವೆ ಅಂದರೆ ಬ್ರೆಮ್ ಊರಿನ ಕಾಲ್‌ಮೋಂಟ್‌ನಲ್ಲಿ ಕೆಲವು ಕಡೆ 65 ಡಿಗ್ರಿ ಇಳಿಜಾರು. ಕಪ್ಪು ಸ್ಲೇಟ್ ಕಲ್ಲು ಹಗಲಿನ ಬಿಸಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ.

ರೀಸ್ಲಿಂಗ್ ಹೊಸದರಲ್ಲಿ ನಿಂಬೆ, ಹಸಿರು ಸೇಬು. ಹಳೆಯದಾದರೆ ಸೀಮೆಎಣ್ಣೆಯ ವಾಸನೆ ಸೇರಿಕೊಳ್ಳುತ್ತದೆ. ಟಿಡಿಎನ್ ಎಂಬ ವಸ್ತುವಿನಿಂದ ಬರುವುದು ಅದು. ಕೇಳಲು ವಿಚಿತ್ರ, ಆದರೆ ಹದವಾಗಿದ್ದಾಗ ಬಹಳ ಚೆಂದ. ಲೇಬಲ್ ಮೇಲೆ ಕ್ಯಾಬಿನೆಟ್ (ಹಗುರ ವೈನ್‌ನ ದರ್ಜೆ) ಅಂತ ಇದ್ದು, ಟ್ರೋಕನ್ (ಸಿಹಿ ಇಲ್ಲದ್ದು) ಅಂತ ಇಲ್ಲದಿದ್ದರೆ ಸಾಮಾನ್ಯವಾಗಿ ಸ್ವಲ್ಪ ಸಿಹಿ ಇರುತ್ತದೆ, ಆಲ್ಕೋಹಾಲ್ ಕಡಿಮೆ. ನಮ್ಮ ಮನೆಯಲ್ಲಿ ಕೋಳಿ ಸಾರು, ಮುದ್ದೆ ಇದ್ದ ದಿನ ಇದನ್ನೇ ತೆಗೆಯುವುದು.

ಸಂಜೆಗೆಂಪು

ಊಟದ ಮಾತು ಬಂತಲ್ಲ, ಅದನ್ನೂ ಕೇಳುತ್ತೇನೆ. ಖಾರದ ಊಟಕ್ಕೆ ಕೆಂಪು ವೈನ್ ಕುಡಿದರೆ ಬಾಯಿ ಇನ್ನೂ ಉರಿಯುತ್ತದೆ. ಎಲ್ಲರಿಗೂ ಹೀಗೇನಾ?

ಘಮಲು

ಹೌದು, ಅದು ಸಹಜ. ಖಾರದ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಒಗರು ಬಾಯಿ ಒಣಗಿಸಿ ಇನ್ನಷ್ಟು ಕೆರಳಿಸುತ್ತದೆ. ಹದಿನಾಲ್ಕು ಶೇಕಡಾ ಆಲ್ಕೋಹಾಲ್ ಇರುವ ಕ್ಯಾಬರ್ನೆ, ಮೇಲೆ ಬ್ಯಾಡಗಿ, ಗುಂಟೂರು ಬೆರೆತ ಮಸಾಲೆ, ಇವೆರಡಕ್ಕೂ ಹೊಂದುವುದಿಲ್ಲ. ಸಣ್ಣ ಸಿಹಿ ಇರುವ ಶೆನಿನ್ ಬ್ಲಾಂಕ್ ಚೆನ್ನಾಗಿ ತಣಿಸಿ ಕುಡಿಯಿರಿ. ಹುಣಸೆಹಣ್ಣಿನ ಹುಳಿ ಇರುವ ಅಡುಗೆಗೂ ಅದೇ, ಯಾಕೆಂದರೆ ಊಟದ ಹುಳಿಗಿಂತ ವೈನ್ ಹುಳಿ ಕಡಿಮೆಯಾದರೆ ವೈನ್ ಸಪ್ಪೆ ಅನ್ನಿಸುತ್ತದೆ. ಕೆಂಪೇ ಬೇಕು ಅಂದರೆ ಸಾಂಜೊವೆಸೆ ನೋಡಿ. ಇಟಲಿಯ ಕ್ಯಾಂಟಿಗೆ ಮುಖ್ಯವಾದ ದ್ರಾಕ್ಷಿ ಇದು. ಹುಳಿ ಚೆನ್ನಾಗಿದೆ, ಟೊಮೆಟೊ ಗೊಜ್ಜಿಗೂ ಹೊಂದುತ್ತದೆ. ಹಂಪಿ ಕಡೆಯ ಬೆಟ್ಟದಲ್ಲಿ ಕೃಷ್ಮಾ ಅವರು, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ಅವರು ಇದನ್ನು ಬೆಳೆಯುತ್ತಾರೆ. ಮಟನ್ ಚಾಪ್ಸ್ ತರಹ ಕೊಬ್ಬಿರುವ, ಖಾರ ಕಡಿಮೆ ಇರುವ ಅಡುಗೆ ಇದ್ದ ದಿನ ಕ್ಯಾಬರ್ನೆ ತೆಗೆಯಿರಿ. ಕೊಬ್ಬು, ಮಾಂಸದ ಜೊತೆ ಒಗರು ಹತೋಟಿಗೆ ಬರುತ್ತದೆ.

ಕಲಿಯುವ ದಾರಿ ಅಂತ ಕೇಳಿದರೆ, ಬೆರಕೆ ಇಲ್ಲದ, ಒಂದೇ ತಳಿಯ ಬಾಟಲಿ ಎರಡು ತನ್ನಿ. ಒಂದು ಶೆನಿನ್, ಒಂದು ಸಾವಿನ್ಯೋನ್ ಬ್ಲಾಂಕ್. ಎರಡನ್ನೂ ಒಟ್ಟಿಗೆ ಇಟ್ಟು ಒಂದೊಂದು ಗುಟುಕು ಕುಡಿಯಿರಿ. ಒಂದೇ ಬಾಟಲಿ ಕುಡಿದರೆ ತಳಿಯ ಗುಣ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಇನ್ನೊಂದಿದ್ದರೆ ಮಾತ್ರ ಎದ್ದು ಕಾಣುತ್ತದೆ. ಇನ್ನೊಂದು ದಿನ ಶಿರಾಜ್, ಕ್ಯಾಬರ್ನೆ. ಹೆಸರು ಕಾಗದದಲ್ಲಿ ಸುತ್ತಿ ಮುಚ್ಚಿ, ನೇರಮಾತು ಅವರಿಗೂ ಸಮಾಧಾನ ಆಗುತ್ತದೆ.

ಅಡಿಲೇಡಿನಿಂದ

ಒಂದು ಮಾತು ಸೇರಿಸುತ್ತೇನೆ. ಕೆಂಪು ವೈನನ್ನು ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಪುಸ್ತಕದಲ್ಲಿ ಓದಿ 30 ಡಿಗ್ರಿಯಲ್ಲಿ ಕುಡಿಯಬೇಡಿ. ಆ ಮಾತು ಯುರೋಪಿನ ತಣ್ಣನೆ ಮನೆಗಳಿಗೆ ಹೇಳಿದ್ದು. 16ರಿಂದ 18 ಡಿಗ್ರಿ ಇರಲಿ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಬಿಸಿಯಾಗಿದ್ದರೆ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಘಮ ಸಿಗುವುದಿಲ್ಲ.

ಚಪ್ಪರದ ಕೆಳಗೆ

ಘಮಲು ಮೇಡಂ, ನೊರೆ ವೈನ್ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮಲ್ಲಿ ಎರಡು ಬೆಳೆ ಬರುತ್ತದೆ. ಯಾವ ಬೆಳೆ ಇದಕ್ಕೆ ಸರಿ? ಎಷ್ಟು ಬ್ರಿಕ್ಸ್‌ಗೆ ಕೊಯ್ಯಬೇಕು? ಆ ಗಾಢ ವಾಸನೆ ಕಡಿಮೆ ಮಾಡಲು ದಾರಿ ಇದೆಯಾ?

ಘಮಲು

ಬೆಳೆಯ ವಿಷಯ ವಿಜಯಪುರದ ಸರ್ ಹೇಳಲಿ. ವಾಸನೆಯ ವಿಷಯ ನಾನು ಹೇಳುತ್ತೇನೆ. ಹಣ್ಣು ಮಾಗಿದಷ್ಟೂ ಮೀಥೈಲ್ ಆಂತ್ರನಿಲೇಟ್ ಏರುತ್ತದೆ. ಹಾಗಾಗಿ ಬೇಗ ಕೊಯ್ದರೆ ಅರ್ಧ ಕೆಲಸ ಆಯಿತು. ಕೊಯ್ದ ತಕ್ಷಣ ಗೊನೆಯನ್ನು ಇಡಿಯಾಗಿ, ಮೆಲ್ಲಗೆ ಹಿಂಡಿ, ಸಿಪ್ಪೆಯಿಂದ ರಸವನ್ನು ಬೇಗ ಬೇರೆ ಮಾಡಬೇಕು. ಬಣ್ಣ ತಿಳಿಗುಲಾಬಿ ಬರುತ್ತದೆ, ವಾಸನೆ ಹಗುರಾಗುತ್ತದೆ, ಒಗರು ಇಳಿಯುವುದಿಲ್ಲ. ತಂಪಿನಲ್ಲಿ ಹುದುಗಿಸಬೇಕು. ಕೊನೆಗೆ ಒಂದಿಷ್ಟು ಸಿಹಿ ಉಳಿಸಿಕೊಂಡರೆ ಉಳಿದ ವಾಸನೆಯೂ ಹಿತವಾಗುತ್ತದೆ.

ಡೋಣಿ ದಂಡೆ

ಬೇಸಿಗೆಗೆ ಬರುವ ಬೆಳೆಯನ್ನೇ ತೆಗೆದುಕೊಳ್ಳಿ ಸರ್. ಮಳೆಗಾಲದ ಹಣ್ಣಿಗೆ ನೀರು ಜಾಸ್ತಿ, ರೋಗ ಜಾಸ್ತಿ, ಗೊನೆಯಲ್ಲಿ ಬಣ್ಣವೂ ಸರಿಸಮ ಬರುವುದಿಲ್ಲ. ಬಣ್ಣ ತಿರುಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಚಪ್ಪರದ ಬೇರೆ ಬೇರೆ ಕಡೆಯಿಂದ ಹಣ್ಣು ತಂದು ರಸ ಪರೀಕ್ಷೆ ಮಾಡಿ. ಬ್ರಿಕ್ಸ್ ಒಂದನ್ನೇ ನೋಡಬೇಡಿ, ಹುಳಿಯ ಅಳತೆಯಾದ ಪಿಎಚ್ ಕೂಡ ನೋಡಿ. 17 ದಾಟಿ 18ರ ಹತ್ತಿರ ಬಂತು ಅಂದರೆ ಬೆಳಕು ಹರಿಯುವ ಮುಂಚೆ ಕೊಯ್ದು, ಬಿಸಿಲೇರುವ ಮೊದಲು ಹಿಂಡುವ ಕಡೆ ಮುಟ್ಟಿಸಿ. ಮತ್ತೆ ಒಂದು ಮಾತು. ಮಾರುವ ಯೋಚನೆ ಇದ್ದರೆ ಅಬಕಾರಿ ಪರವಾನಗಿ ಇರುವ ವೈನರಿಯ ಜೊತೆ ಕೊಯ್ಲಿಗೆ ಮುಂಚೆಯೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಟನ್ ಲೆಕ್ಕ, ದರ, ಕೊಯ್ಲಿನ ವಾರ ಮೂರೂ ಅದರಲ್ಲಿರಲಿ.